ಓದಲು ಬಾರದ ಅರಬ್ಬಿಯನ್ನು ಇಂಗ್ಲೆಂಡಿನ ರಾಜ ತನ್ನ ಚಿನ್ನದ ನಾಣ್ಯದ ಮೇಲೆ ಯಾಕೆ ಅಚ್ಚು ಹಾಕಿಸಿದ?

ಹಾದಿಹೋಕ | ಶನಿವಾರ ರಾತ್ರಿ 9.12
ಎಲ್ಲರಿಗೂ ನಮಸ್ಕಾರ. ಮಗಳು ಎಂಟನೇ ಕ್ಲಾಸು. ಹಳೇ ನಾಣ್ಯಗಳ ಬಗ್ಗೆ ಶಾಲೆಗೆ ಏನೋ ಬರೆಯಬೇಕು ಅಂತ ನೆಟ್‌ನಲ್ಲಿ ಹುಡುಕುತ್ತಿದ್ದಳು. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಒಂದು ಚಿನ್ನದ ನಾಣ್ಯದ ಫೋಟೋ ಸಿಕ್ಕಿತು. ಆಗಿನಿಂದ ನನಗೂ ಅದೇ ಗುಂಗು.

ಮಾಡಿಸಿದವನು ಆಫಾ. ಇಂಗ್ಲೆಂಡಿನ ನಡುಭಾಗದ ಮರ್ಸಿಯಾ ರಾಜ್ಯವನ್ನು 757ರಿಂದ 796ರವರೆಗೆ ಆಳಿದ ಕ್ರೈಸ್ತ ರಾಜ. ಆದರೆ ನಾಣ್ಯದ ತುಂಬ ಅರಬ್ಬಿ! ಒಂದು ಮುಖದಲ್ಲಿ ಅರಬ್ಬಿಯ ಮೂರು ಸಾಲು ಇದೆ. ಆ ಸಾಲುಗಳ ಸಂದಿಯಲ್ಲಿ ರೋಮನ್ ಅಕ್ಷರದಲ್ಲಿ 'ಆಫಾ ರೆಕ್ಸ್', ಅಂದರೆ ರಾಜ ಆಫಾ. ಅರಬ್ಬಿಯನ್ನು ನೆಟ್ಟಗೆ ಹಿಡಿದರೆ ರಾಜನ ಹೆಸರು ತಲೆಕೆಳಗು. ಹೆಸರನ್ನು ನೆಟ್ಟಗೆ ಮಾಡಿದರೆ ಅರಬ್ಬಿ ತಲೆಕೆಳಗು. ಕೆತ್ತಿದವನಿಗೆ ಆ ಲಿಪಿ ಬರುತ್ತಿರಲಿಲ್ಲ ಅನ್ನೋದು ಖಂಡಿತ.

ಮಗಳು ಕೇಳಿದ ಪ್ರಶ್ನೆಯನ್ನೇ ಇಲ್ಲಿ ಕೇಳುತ್ತೇನೆ. ಕೆತ್ತಿದವನಿಗೂ ಓದಲು ಬರಲ್ಲ, ಅಲ್ಲಿನ ಜನಕ್ಕೂ ಬರಲ್ಲ. ಹಾಗಾದರೆ ಆ ಬರಹ ಯಾರಿಗೆ?

ಬೀದರ್‌ಕೋಟೆ | ಶನಿವಾರ ರಾತ್ರಿ 9.40
ಹಾದಿಹೋಕ ಸರ್, ಒಳ್ಳೇ ಪ್ರಶ್ನೆ. ನಾನು ಚಿಕ್ಕವನಿದ್ದಾಗ ಅರಬ್ಬಿ ಕಲಿತವನು, ಆ ಫೋಟೋ ಓದಿದ್ದೇನೆ. ಹೆಸರು ತೂರಿಸಿರುವ ಕಡೆ ಇರುವುದು 'ಮುಹಮ್ಮದ್ / ರಸೂಲ್ / ಅಲ್ಲಾಹ್', ಅಂದರೆ 'ಮುಹಮ್ಮದ್ ದೇವರ ದೂತ'. ಇನ್ನೊಂದು ಕಡೆ 'ಲಾ ಇಲಾಹ ಇಲ್ಲಲ್ಲಾಹ್, ವಹ್ದಹೂ, ಲಾ ಶರೀಕ ಲಹೂ'. 'ದೇವರನ್ನು ಬಿಟ್ಟು ಬೇರೆ ದೇವರಿಲ್ಲ, ಅವನೊಬ್ಬನೇ, ಅವನಿಗೆ ಪಾಲುದಾರರಿಲ್ಲ' ಅಂತ ಅರ್ಥ. ಅಂಚಿನಲ್ಲಿ ಇಸವಿ ಇದೆ, ಹಿಜರಿ 157. ನಮ್ಮ ಲೆಕ್ಕದಲ್ಲಿ 773-74. ಆಗ ಬಾಗ್ದಾದಿನಲ್ಲಿ ಖಲೀಫ ಅಲ್-ಮನ್ಸೂರ್. ಅವನ ದಿನಾರನ್ನೇ, ಅಂದರೆ ಅರಬ್ಬರ ಚಿನ್ನದ ನಾಣ್ಯವನ್ನೇ, ಎದುರಿಗಿಟ್ಟುಕೊಂಡು ನಕಲು ತೆಗೆದಿದ್ದಾರೆ. ಅಕ್ಷರಗಳಲ್ಲಿ ತಪ್ಪುಗಳಿವೆ, ಆದರೂ ಓದಬಹುದು.

ಮಲೆನಾಡ್‌ಮಳೆ | ಶನಿವಾರ ರಾತ್ರಿ 9.44
ಅರ್ಥ ಗೊತ್ತಿಲ್ಲದ ಇಂಗ್ಲಿಷ್ ಇರುವ ಟೀ ಶರ್ಟ್ ಹಾಕಿಕೊಂಡು ಓಡಾಡ್ತಾರಲ್ಲ, ಹಾಗೆ ಇರಬೇಕು. ನೋಡಕ್ಕೆ ಚೆನ್ನಾಗಿತ್ತು, ಹಾಕಿದ್ರು.

ಚಿನಿವಾರರಮನೆ | ಶನಿವಾರ ರಾತ್ರಿ 10.05
ಇಲ್ಲ ಮಲೆನಾಡ್‌ಮಳೆ, ಟೀ ಶರ್ಟಿಗೆ ಯಾರೂ ಒರೆ ಹಚ್ಚಿ ನೋಡಲ್ಲ. ಚಿನ್ನಕ್ಕೆ ಹಚ್ಚುತ್ತಾರೆ. ನಮ್ಮದು ಮೂರು ತಲೆಮಾರಿನ ಅಕ್ಕಸಾಲಿ ಮನೆ. ನಮ್ಮಪ್ಪ ಕೈಗೆ ಬಂದ ನಾಣ್ಯವನ್ನು ಮೊದಲು ಓದುತ್ತಿರಲಿಲ್ಲ. ಅಂಗೈಯಲ್ಲಿ ತೂಗಿ ನೋಡುತ್ತಿದ್ದರು, ಕಲ್ಲಿನ ಮೇಲೆ ಎಳೆಯುತ್ತಿದ್ದರು, ಆಮೇಲೆ ತಕ್ಕಡಿ. ಆಫಾನ ಕಾಲದ ಯುರೋಪಿನಲ್ಲಿ ಓಡುತ್ತಿದ್ದದ್ದು ಬೆಳ್ಳಿ. ಅಂಥ ಕಡೆ ಚಿನ್ನದ ನಾಣ್ಯ ಕೊಟ್ಟರೆ ಎದುರಿನವನು 'ಇದು ಚಿನ್ನವೇನಾ?' ಅಂತ ಕೇಳೇ ಕೇಳುತ್ತಾನೆ. ಅವನು ಮೊದಲು ಕಂಡಿದ್ದ ನಂಬಿಕೆಯ ಚಿನ್ನ ಯಾವುದು? ಅರಬ್ಬರ ದಿನಾರು. ಹಾಗಾಗಿ ಅದರ ಮುಖವನ್ನೇ ತಂದಿಟ್ಟರು. ಬರಹ ಓದಕ್ಕಲ್ಲ, ಗುರುತು ಹಿಡಿಯಕ್ಕೆ.

ಕನ್ನಡಮೇಷ್ಟ್ರು | ಶನಿವಾರ ರಾತ್ರಿ 10.31
ಚಿನಿವಾರರಮನೆಯವರು ಆಫಾನ ಬಗ್ಗೆ ಹೇಳಿದ್ದು ಸರಿ. ಆದರೆ ಮೂಲ ದಿನಾರಿನ ಬಗ್ಗೆ ಹಾಗೆ ಹೇಳಲಾಗದು. ಅದು ಓದಲಿಕ್ಕೆಂದೇ ಮಾಡಿದ ನಾಣ್ಯ. ಶುದ್ಧ ರಾಜಕೀಯ, ಶುದ್ಧ ಧರ್ಮ. ತೂಕದ ಮಾತು ಆಮೇಲೆ.

ಟಂಕಸಾಲೆ | ಶನಿವಾರ ರಾತ್ರಿ 11.20
ಈ ವಿಷಯಕ್ಕೆ ಇಪ್ಪತ್ತು ವರ್ಷ ಕೊಟ್ಟಿದ್ದೇನೆ, ಸ್ವಲ್ಪ ಉದ್ದ ಬರೆಯುತ್ತೇನೆ. ದಯವಿಟ್ಟು ಓದಿ.

ಅರಬ್ಬರು ಸಿರಿಯಾ, ಈಜಿಪ್ಟ್ ಗೆದ್ದಾಗ ಅಲ್ಲಿ ಓಡುತ್ತಿದ್ದದ್ದು ಬೈಜಾಂಟಿಯಂನ ಚಿನ್ನದ ನಾಣ್ಯ, ಸಾಲಿಡಸ್. ತೂಕ ಸುಮಾರು ನಾಲ್ಕೂವರೆ ಗ್ರಾಂ. ಒಂದು ಕಡೆ ಚಕ್ರವರ್ತಿ ಹೆರಾಕ್ಲಿಯಸ್ ಮತ್ತು ಇಬ್ಬರು ಮಕ್ಕಳು ಸಾಲಾಗಿ ನಿಂತ ಚಿತ್ರ, ಇನ್ನೊಂದು ಕಡೆ ಮೆಟ್ಟಿಲುಗಳ ಮೇಲೆ ಶಿಲುಬೆ. ಅರಬ್ಬರು ಮೊದಮೊದಲು ಅದನ್ನೇ ಬಳಸಿದರು. ಆಮೇಲೆ ಅದನ್ನೇ ನಕಲು ಮಾಡಿದರು, ಶಿಲುಬೆಯ ಅಡ್ಡಪಟ್ಟಿ ಮಾತ್ರ ತೆಗೆದರು. ಮೆಟ್ಟಿಲು ಹಾಗೇ ಇದೆ, ಮೇಲೆ ಒಂದು ಕಂಬ, ತುದಿಯಲ್ಲಿ ಗುಂಡು. ನೋಡಿದವನಿಗೆ ಹಳೇ ನಾಣ್ಯವೇ ಅನ್ನಿಸಬೇಕು, ಶಿಲುಬೆಯೂ ಇರಬಾರದು. ಆ ಕಂಬವನ್ನು ಮೊದಲ ಸಲ ದೊಡ್ಡದು ಮಾಡಿ ನೋಡಿದಾಗ ನನಗೆ ಮೈ ಜುಂ ಅಂದಿತ್ತು. ಒಬ್ಬ ಕೆತ್ತನೆಗಾರ ಒಂದೇ ಒಂದು ಗೆರೆ ಬಿಟ್ಟಿದ್ದಾನೆ, ಅಷ್ಟೇ.

685ರಲ್ಲಿ ಅಬ್ದ್ ಅಲ್-ಮಲಿಕ್ ಡಮಾಸ್ಕಸ್‌ನಲ್ಲಿ ಖಲೀಫನಾದ. ಅದೇ ವರ್ಷ ಬೈಜಾಂಟಿಯಂನಲ್ಲಿ ಪಟ್ಟಕ್ಕೆ ಬಂದ ಚಕ್ರವರ್ತಿ ಎರಡನೇ ಜಸ್ಟಿನಿಯನ್ ತನ್ನ ಚಿನ್ನದ ನಾಣ್ಯದ ಮೇಲೆ ಏಸುಕ್ರಿಸ್ತನ ಮುಖವನ್ನೇ ಹಾಕಿಸಿದ. ಹಿಜರಿ 74ರಿಂದ 77ರವರೆಗೆ ಖಲೀಫ ತನ್ನದೇ ಚಿತ್ರ ಇರುವ ನಾಣ್ಯ ತಂದ. ನಿಂತ ಮನುಷ್ಯ, ಉದ್ದ ಗಡ್ಡ, ಕೈ ಕತ್ತಿಯ ಮೇಲೆ. ಅದೂ ಬೇಡ ಅನ್ನಿಸಿತು. ಹಿಜರಿ 77ರಲ್ಲಿ, ಅಂದರೆ 696-97ರಲ್ಲಿ, ಚಿತ್ರವೇ ಇಲ್ಲದ ನಾಣ್ಯ ಬಂತು. ಎರಡೂ ಕಡೆ ಬರೀ ಬರಹ. ತೂಕ 4.25 ಗ್ರಾಂ, ನಮ್ಮ ಅರ್ಧ ಪವನಿಗಿಂತ ಕೊಂಚ ಜಾಸ್ತಿ. ಅಗಲ ಹೆಚ್ಚುಕಡಿಮೆ ಐವತ್ತು ಪೈಸೆಯಷ್ಟು. ಖಲೀಫನ ಹೆಸರಿಲ್ಲ, ಊರಿನ ಹೆಸರೂ ಇಲ್ಲ. ಒಂದು ಕಡೆ ನಡುವೆ ಕಲಿಮಾ, ಅಂದರೆ ಬೀದರ್‌ಕೋಟೆಯವರು ಹೇಳಿದ 'ದೇವರನ್ನು ಬಿಟ್ಟು ಬೇರೆ ದೇವರಿಲ್ಲ' ಅನ್ನುವ ಮಾತು. ಇನ್ನೊಂದು ಕಡೆ ನಡುವೆ ಕುರಾನಿನ 112ನೇ ಸೂರಾದ ಸಾಲು: 'ದೇವರು ಒಬ್ಬನೇ, ಅವನು ಹೆತ್ತವನಲ್ಲ, ಹುಟ್ಟಿದವನೂ ಅಲ್ಲ.' ಕ್ರಿಸ್ತ ದೇವರ ಮಗ ಅನ್ನುವವರಿಗೆ ನೇರ ಉತ್ತರ. ಮೇಷ್ಟ್ರು ಹೇಳಿದ ರಾಜಕೀಯ ಇಲ್ಲಿದೆ.

ಕನ್ನಡಮೇಷ್ಟ್ರು | ಶನಿವಾರ ರಾತ್ರಿ 11.34
ನೋಡಿದಿರಾ? ನಾಣ್ಯದ ಮೇಲೆ ವಾದಕ್ಕೆ ವಾದ ಹೂಡಿದ್ದಾರೆ. ಓದುವವರು ಇದ್ದದ್ದಕ್ಕೇ ಅಲ್ವಾ?

ಚಿನಿವಾರರಮನೆ | ಭಾನುವಾರ ಬೆಳಿಗ್ಗೆ 7.02
ಮೇಷ್ಟ್ರೇ, ಓದುವವರು ಎಷ್ಟು ಜನ ಇದ್ದರು? ಸಿರಿಯಾದ ರೈತನಿಗೆ ಆಗ ಅರಬ್ಬಿ ಓದಲು ಬರುತ್ತಿತ್ತೇ?

ಟಂಕಸಾಲೆ | ಭಾನುವಾರ ಬೆಳಿಗ್ಗೆ 8.15
ಇಬ್ಬರಿಗೂ ಒಂದು ನಾಣ್ಯ ಹೇಳುತ್ತೇನೆ. 711ರಲ್ಲಿ ಅರಬ್ಬರ ಸೈನ್ಯ ಸ್ಪೇನಿಗೆ ಕಾಲಿಟ್ಟಿತು. ಹಿಜರಿ 98ರಲ್ಲಿ, ಅಂದರೆ 716-17ರಲ್ಲಿ, ಅಲ್ಲಿ ಹೊರಟ ದಿನಾರಿನಲ್ಲಿ ಎರಡು ಭಾಷೆ ಇದೆ. ಒಂದು ಕಡೆ ಅರಬ್ಬಿಯಲ್ಲಿ 'ಈ ದಿನಾರು ಅಲ್-ಅಂದಲೂಸ್‌ನಲ್ಲಿ ಅಚ್ಚಾಯಿತು'. ಇನ್ನೊಂದು ಕಡೆ ನಡುವೆ ನಕ್ಷತ್ರ, ಸುತ್ತ ಲ್ಯಾಟಿನ್‌ನಲ್ಲಿ 'ಸ್ಪೇನಿನಲ್ಲಿ ಅಚ್ಚಾದ ಸಾಲಿಡಸ್'. ಉತ್ತರ ಆಫ್ರಿಕಾದ ಕೆಲವು ನಾಣ್ಯಗಳಲ್ಲಿ 'ದೇವರೊಬ್ಬನೇ, ಪಾಲುದಾರರಿಲ್ಲ' ಅನ್ನೋದನ್ನೇ ಲ್ಯಾಟಿನ್‌ಗೆ ತಿರುಗಿಸಿ ಹಾಕಿದ್ದಾರೆ. ಅಲ್ಲಿನವರಿಗೆ ಅರ್ಥ ಆಗಲಿ ಅಂತ ಯೋಚನೆ ಮಾಡಿದವರು ಇದ್ದರು, ಮೇಷ್ಟ್ರಿಗೆ ಅರ್ಧ ಅಂಕ. ಆದರೆ ಕೆಲವೇ ವರ್ಷಗಳಲ್ಲಿ ಲ್ಯಾಟಿನ್ ಹೋಯಿತು, ಅರಬ್ಬಿ ಉಳಿಯಿತು. ವ್ಯಾಪಾರಕ್ಕೇನೂ ತೊಂದರೆ ಆಗಲಿಲ್ಲ. ಆ ಅರ್ಧ ಅಂಕ ಚಿನಿವಾರರಮನೆಗೆ.

ಶರಾವತಿ_ತೀರ | ಭಾನುವಾರ ಬೆಳಿಗ್ಗೆ 8.50
ಮಹಮೂದ್ ಘಜ್ನಿ ಸಂಸ್ಕೃತದಲ್ಲಿ ಚಿನ್ನದ ನಾಣ್ಯ ಹೊರಡಿಸಿದ್ದ ಅಂತ ಎಲ್ಲೋ ಓದಿದ ನೆನಪು. ನಿಜವಾ?

ಟಂಕಸಾಲೆ | ಭಾನುವಾರ ಬೆಳಿಗ್ಗೆ 9.03
ನಿಜ, ಆದರೆ ಚಿನ್ನ ಅಲ್ಲ, ಬೆಳ್ಳಿ. ಹಿಜರಿ 418 ಮತ್ತು 419. ಊರು ಮಹಮೂದ್‌ಪುರ, ಅಂದರೆ ಲಾಹೋರ್. ಒಂದು ಕಡೆ ಅರಬ್ಬಿ, ಇನ್ನೊಂದು ಕಡೆ ಸಂಸ್ಕೃತ. ಕಲಿಮಾವನ್ನು 'ಅವ್ಯಕ್ತಮೇಕಂ ಮುಹಮ್ಮದ ಅವತಾರ ನೃಪತಿ ಮಹಮೂದ' ಅಂತ ತಿರುಗಿಸಿದ್ದಾರೆ. ಅವ್ಯಕ್ತ ಒಂದೇ, ಮುಹಮ್ಮದ್ ಅವತಾರ, ಮಹಮೂದ್ ರಾಜ. ದೂತನಿಗೆ 'ಅವತಾರ' ಅನ್ನುವ ಮಾತು ಹುಡುಕಿದ ಆ ಪಂಡಿತ ಯಾರೋ! ಅಂಚಿನಲ್ಲಿ ನಾಣ್ಯವನ್ನು 'ಟಂಕಂ' ಅಂದಿದ್ದಾರೆ. ನಮ್ಮ 'ಟಂಕಸಾಲೆ'ಯ ಟಂಕವೇ ಅದು. ನಾನು ಇಲ್ಲಿ ಈ ಹೆಸರು ಇಟ್ಟುಕೊಂಡದ್ದೂ ಅದಕ್ಕೇ.

ಚಿನ್ನವೇ ಬೇಕೆಂದರೆ ಮುಹಮ್ಮದ್ ಘೋರಿಯದು ನೋಡಿ. 1206ರಲ್ಲಿ ಸತ್ತವನು. ಅವನ ಒಂದು ಬಗೆಯ ಚಿನ್ನದ ನಾಣ್ಯದಲ್ಲಿ ಒಂದು ಕಡೆ ನಾಗರಿಯಲ್ಲಿ ಅವನ ಹೆಸರು, ಇನ್ನೊಂದು ಕಡೆ ಕುಳಿತ ಲಕ್ಷ್ಮಿ. ಗೆದ್ದ ಊರಿನಲ್ಲಿ ಮೊದಲೇ ಓಡುತ್ತಿದ್ದ ನಾಣ್ಯ ಹಾಗಿತ್ತು, ಹಾಗೇ ಮುಂದುವರಿಸಿದ.

ಚಿನಿವಾರರಮನೆ | ಭಾನುವಾರ ಬೆಳಿಗ್ಗೆ 9.10
ಆಫಾ ಮಾಡಿದ್ದೂ ಅದೇ. ಜನ ನಂಬಿದ ಮುಖ ಬಿಡಬಾರದು.

ಮಲೆನಾಡ್‌ಮಳೆ | ಭಾನುವಾರ ಬೆಳಿಗ್ಗೆ 9.22
ಹೈದರಾಲಿ ಕೂಡ ವರಹದ ಮೇಲೆ ಶಿವ ಪಾರ್ವತಿ ಉಳಿಸಿಕೊಂಡಿದ್ದ ಅಲ್ವಾ? ಹಿಂದೆ 'ಹೆ' ಅನ್ನುವ ಒಂದೇ ಅರಬ್ಬಿ ಅಕ್ಷರ. ನಮ್ಮ ಮಾವನವರ ಹತ್ತಿರ ಒಂದಿದೆ, ಹುಣಸೆ ಬೀಜಕ್ಕಿಂತ ಚಿಕ್ಕದು.

ಟಂಕಸಾಲೆ | ಭಾನುವಾರ ಬೆಳಿಗ್ಗೆ 9.30
ಹೌದು, ಅದೇ ದಾರಿ. ಆದರೆ ಅದು 18ನೇ ಶತಮಾನ. ಅದಕ್ಕೆ ಬೇರೆ ಎಳೆ ಶುರುಮಾಡಿ, ಖಂಡಿತ ಬರುತ್ತೇನೆ.

ಬಂಟ್ವಾಳದಕ್ಕ | ಭಾನುವಾರ ಬೆಳಿಗ್ಗೆ 10.48
ಎಲ್ಲರೂ ರಾಜರ ಕಥೆ ಹೇಳುತ್ತಿದ್ದೀರಿ, ವ್ಯಾಪಾರಿಗಳನ್ನು ಕೇಳಿ. ನಮ್ಮ ಮಂಗಳೂರಿನಲ್ಲಿ 1132ರಿಂದ ಸುಮಾರು ಹದಿನೇಳು ವರ್ಷ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಇದ್ದ. ಟ್ಯುನೀಷಿಯಾದ ಮಹ್ದಿಯಾದವನು. ಇಲ್ಲಿ ಕಂಚು ಹಿತ್ತಾಳೆ ಪಾತ್ರೆಗಳ ಕೆಲಸದ ಮನೆ ನಡೆಸುತ್ತಿದ್ದ. ಅವನ ಕಾಗದಪತ್ರಗಳು ಕೈರೋದ ಒಂದು ಸಿನಗಾಗಿನಲ್ಲಿ ಉಳಿದು ಬಂದಿವೆ. ಏಡನ್‌ನಲ್ಲಿದ್ದ ಅವನ ಪಾಲುಗಾರ ಮದ್ಮೂನ್‌ನ ಲೆಕ್ಕದ ತುಂಬ ದಿನಾರುಗಳೇ. ಮೆಣಸು ಇಷ್ಟು ದಿನಾರು, ಕಬ್ಬಿಣ ಇಷ್ಟು ದಿನಾರು. ಆದರೆ ದಿನಾರು ಅಂದರೆ ಎಲ್ಲವೂ ಒಂದೇ ಅಲ್ಲ. ಏಡನ್ನಿನ 'ಮಲಿಕಿ' ದಿನಾರಿಗೆ ಬೆಲೆ ಕಡಿಮೆ, ಈಜಿಪ್ಟಿನ ದಿನಾರಿಗೆ ಜಾಸ್ತಿ. ಈಜಿಪ್ಟಿನ ಫಾತಿಮಿ ಖಲೀಫರ ಚಿನ್ನ ಅಷ್ಟು ಅಪ್ಪಟ.

ಅದೇ ಕೈರೋ ಕಾಗದಗಳಲ್ಲಿ ಇನ್ನೊಂದು ವಿಷಯ ಇದೆ. ವ್ಯಾಪಾರಿಗಳು ದಿನಾರುಗಳನ್ನು ಚೀಲದಲ್ಲಿ ಹಾಕಿ, ಮೊಹರು ಒತ್ತಿ, ಎಷ್ಟು ತೂಕ ಅಂತ ಮೇಲೆ ಬರೆದು, ಕೈಯಿಂದ ಕೈಗೆ ದಾಟಿಸುತ್ತಿದ್ದರು. ಚೀಲ ಬಿಚ್ಚುತ್ತಲೇ ಇರಲಿಲ್ಲ. ಒಳಗಿನ ನಾಣ್ಯದ ಬರಹ ನೋಡುವವರೇ ಇಲ್ಲ!

ಕನ್ನಡಮೇಷ್ಟ್ರು | ಭಾನುವಾರ ಬೆಳಿಗ್ಗೆ 11.05
ಅಕ್ಕಾ, ಮಂಗಳೂರಿನ ಕಥೆ ಕೇಳಿ ಖುಷಿಯಾಯಿತು. ಆದರೆ ಒಂದು ಮಾತು. ಆ ಚೀಲದ ಮೇಲೆ ಬರೆದದ್ದನ್ನು ನಂಬಬೇಕಾದರೆ ಒಳಗಿನ ನಾಣ್ಯಕ್ಕೆ ಯಾರೋ ಹೊಣೆ ಇದ್ದಾರೆ ಅಂತ ಗೊತ್ತಿರಬೇಕಲ್ಲ? ಆ ಹೊಣೆಯೇ ನಾಣ್ಯದ ಮೇಲಿನ ಹೆಸರು.

ಚಿನಿವಾರರಮನೆ | ಭಾನುವಾರ ಬೆಳಿಗ್ಗೆ 11.20
ಮೇಷ್ಟ್ರೇ, ಮೊದಲ ದಿನಾರಿನಲ್ಲಿ ಯಾವ ಮನುಷ್ಯನ ಹೆಸರಿದೆ ಹೇಳಿ? ಟಂಕಸಾಲೆಯವರೇ ಹೇಳಿದರು, ಖಲೀಫನ ಹೆಸರೇ ಇಲ್ಲ. ಇನ್ನೊಂದು ವಿಷಯ. ಈಜಿಪ್ಟಿನಲ್ಲಿ ದಿನಾರು ತೂಗಲು ಗಾಜಿನ ಬಟ್ಟು ಇಟ್ಟಿದ್ದರು. ಅಧಿಕಾರಿಯ ಹೆಸರು ಒತ್ತಿದ ಪುಟ್ಟ ಗಾಜಿನ ಬಿಲ್ಲೆ. ಲೋಹದ ಬಟ್ಟಾದರೆ ಅಂಚು ಅರೆದು ತೂಕ ಇಳಿಸಿ ಮತ್ತೆ ಹೊಳಪು ಕೊಡಬಹುದು. ಗಾಜಿನಲ್ಲಿ ಅದು ಆಗಲ್ಲ, ಚಕ್ಕೆ ಎದ್ದರೆ ಕಾಣುತ್ತದೆ. ತಕ್ಕಡಿ ಹಿಡಿದವನ ಬುದ್ಧಿ ಅದು. ಅವರೂ ಬರಹವನ್ನಷ್ಟೇ ನೆಚ್ಚಿಕೊಂಡಿರಲಿಲ್ಲ.

ಬೀದರ್‌ಕೋಟೆ | ಭಾನುವಾರ ಮಧ್ಯಾಹ್ನ 12.15
ಹೆಸರು ಆಮೇಲೆ ಬಂತು, ಬಂದ ಮೇಲೆ ಎಲ್ಲಕ್ಕಿಂತ ದೊಡ್ಡದಾಯಿತು. ಹಾರೂನ್ ಅಲ್-ರಶೀದನ ಕಾಲದ ಕೆಲವು ದಿನಾರುಗಳಲ್ಲಿ ವಜೀರ ಜಾಫರನ ಹೆಸರಿದೆ. ಅದೇ ಜಾಫರನನ್ನು 803ರಲ್ಲಿ ಹಾರೂನನೇ ಕೊಲ್ಲಿಸಿದ. ಶುಕ್ರವಾರದ ಖುತ್ಬಾದಲ್ಲಿ, ಅಂದರೆ ಮಸೀದಿಯ ಪ್ರವಚನದಲ್ಲಿ ಹೆಸರು, ನಾಣ್ಯದ ಮೇಲೆ ಹೆಸರು, ಇವೆರಡು ಇದ್ದವನೇ ದೊರೆ.

ಅದಕ್ಕೇ ದೆಹಲಿಯಲ್ಲಿ ಒಂದು ವಿಚಿತ್ರ ನಡೆಯಿತು. 1258ರಲ್ಲಿ ಹುಲಗು ಖಾನ್ ಬಾಗ್ದಾದಿನ ಖಲೀಫ ಅಲ್-ಮುಸ್ತಾಸಿಮ್‌ನನ್ನು ಕೊಂದ. ದೆಹಲಿಯ ಟಂಕಗಳ ಮೇಲೆ ಅವನ ಹೆಸರು ಇನ್ನೂ ಮೂವತ್ತೆಂಟು ವರ್ಷ ನಡೆಯಿತು. ಬಲ್ಬನ್ ಕಾಲದಲ್ಲೂ ಅದೇ, ಜಲಾಲುದ್ದೀನ್ ಖಿಲ್ಜಿ ಕಾಲದಲ್ಲೂ ಅದೇ. ಆಮೇಲೆ ಮುಹಮ್ಮದ್ ಬಿನ್ ತುಘಲಕ್, ತನಗೆ ಮಾನ್ಯತೆ ಬೇಕು ಅಂತ ಕೈರೋದಲ್ಲಿದ್ದ ಖಲೀಫ ಅಲ್-ಮುಸ್ತಕ್ಫಿಯ ಹೆಸರನ್ನು ಚಿನ್ನದ ಮೇಲೆ ಹಾಕಿಸಿದ, ತನ್ನ ಹೆಸರು ಬಿಟ್ಟ. ಆ ಖಲೀಫ 1340ರಲ್ಲೇ ತೀರಿಕೊಂಡಿದ್ದ. ಸುದ್ದಿ ದೆಹಲಿಗೆ ಮುಟ್ಟಿರಲಿಲ್ಲ. ಸತ್ತವರ ಹೆಸರಿನ ಚಿನ್ನ ಪೇಟೆಯಲ್ಲಿ ಓಡಿತು.

ಚಿನಿವಾರರಮನೆ | ಭಾನುವಾರ ಮಧ್ಯಾಹ್ನ 12.21
ಓಡಿತು, ಯಾಕೆಂದರೆ ಚಿನ್ನ ಸರಿಯಿತ್ತು. ಅದೇ ತುಘಲಕ್ ಅದಕ್ಕಿಂತ ಹಿಂದೆ ಹಿತ್ತಾಳೆ ತಾಮ್ರದ ಬಿಲ್ಲೆ ಮಾಡಿಸಿ ಬೆಳ್ಳಿ ಟಂಕದ ಬೆಲೆಗೆ ತಗೊಳ್ಳಿ ಅಂದ. 'ಸುಲ್ತಾನನ ಮಾತು ಕೇಳಿದವನು ದೇವರ ಮಾತು ಕೇಳಿದಂತೆ' ಅಂತ ಅದರ ಮೇಲೆ ಬರೆಸಿದ. ಬರಹ ಅದಕ್ಕಿಂತ ಜೋರಾಗಿ ಇರಲು ಸಾಧ್ಯವೇ? ಮೂರೇ ವರ್ಷದಲ್ಲಿ ಬಿತ್ತು.

ಕನ್ನಡಮೇಷ್ಟ್ರು | ಭಾನುವಾರ ಮಧ್ಯಾಹ್ನ 12.40
ಇದನ್ನು ಒಪ್ಪುತ್ತೇನೆ. ಒಳ್ಳೇ ಉದಾಹರಣೆ.

ಶರಾವತಿ_ತೀರ | ಭಾನುವಾರ ಮಧ್ಯಾಹ್ನ 2.10
ನಮ್ಮ ಬಹಮನಿಗಳ ಚಿನ್ನದ ನಾಣ್ಯ ಹೇಗಿತ್ತು? ಕಲಬುರಗಿ, ಬೀದರ್‌ನಲ್ಲೇ ಅಚ್ಚಾಗುತ್ತಿತ್ತಾ?

ಬೀದರ್‌ಕೋಟೆ | ಭಾನುವಾರ ಮಧ್ಯಾಹ್ನ 2.35
ಹೌದು. ಕಲಬುರಗಿಗೆ ನಾಣ್ಯದ ಮೇಲೆ 'ಅಹ್ಸನಾಬಾದ್', ನಮ್ಮ ಬೀದರಿಗೆ 'ಮುಹಮ್ಮದಾಬಾದ್'. ಚಿನ್ನದ ಟಂಕ ಸುಮಾರು 11 ಗ್ರಾಂ, ಒಂದು ತೊಲಕ್ಕೆ ಚೂರು ಕಡಿಮೆ. ಫಿರೋಜ್ ಶಾಹನ ನಾಣ್ಯದಲ್ಲಿ 'ಈ ಯುಗದ, ಈ ಕಾಲದ ಸುಲ್ತಾನ, ಕರುಣಾಮಯನ ನೆರವನ್ನು ನಂಬಿದವನು' ಅಂತ ಬರುತ್ತದೆ. ಅಕ್ಷರ ದಪ್ಪ, ಒಂದರ ಮೇಲೊಂದು ಏರಿಸಿ ಬರೆದದ್ದು. ಹೊಸಬರಿಗೆ ಓದೋದು ಕಷ್ಟ.

ಆ ಚಿನ್ನದ ಬಗ್ಗೆ ಬಿಜಾಪುರದಲ್ಲಿ ಕೂತು ಬರೆದ ಇತಿಹಾಸಕಾರ ಫೆರಿಷ್ತಾ ಒಂದು ಕಥೆ ಹೇಳುತ್ತಾನೆ. ಬಹಮನಿ ನಾಣ್ಯ ಹೊರಬಂದ ಕೂಡಲೇ ಚಿನಿವಾರರು ಅದನ್ನು ಕರಗಿಸಿ ವಿಜಯನಗರದ ಹೊನ್ನು ಮಾಡಲು ಕೊಡುತ್ತಿದ್ದರಂತೆ. ಸಿಟ್ಟಾದ ಒಂದನೇ ಮುಹಮ್ಮದ್ ಶಾಹ 1360ರಲ್ಲಿ ಕರಗಿಸಿದವರನ್ನೆಲ್ಲ ಕೊಲ್ಲಿಸಿದನಂತೆ. ಅವನು ಬರೆದದ್ದು ಸುಮಾರು ಇನ್ನೂರೈವತ್ತು ವರ್ಷ ಆದಮೇಲೆ, ಅದು ನೆನಪಿರಲಿ.

ಚಿನಿವಾರರಮನೆ | ಭಾನುವಾರ ಮಧ್ಯಾಹ್ನ 2.50
ನಮ್ಮ ಕಸುಬಿನವರ ಕಥೆ. ಓದಿ ಹೊಟ್ಟೆ ತೊಳಸಿದ ಹಾಗಾಯಿತು. ಜನ ಕೈಬಿಡದೆ ಬಳಸಿದ್ದು ಮೂರೂವರೆ ಗ್ರಾಮಿನ ಪುಟ್ಟ ವರಹವನ್ನೇ. ದಿನದ ವ್ಯವಹಾರಕ್ಕೆ 11 ಗ್ರಾಮಿನ ಟಂಕ ಭಾರ ಆಯಿತು ಅನ್ನಿಸುತ್ತದೆ.

ಬಂಟ್ವಾಳದಕ್ಕ | ಭಾನುವಾರ ಮಧ್ಯಾಹ್ನ 3.30
ಕರಗಿಸುವ ಮಾತು ಬಂತು, ನನ್ನ ಸಂಕಟ ಹೇಳಿಕೊಳ್ಳುತ್ತೇನೆ. ಅಜ್ಜಿಯ ಕಾಸಿನ ಸರದಲ್ಲಿ ಒಂದೇ ಒಂದು ಕಾಸು ಬೇರೆ ಥರ ಇತ್ತು. ತೆಳ್ಳಗೆ, ಅಗಲ, ಸುತ್ತ ಮೂರು ಬಳೆಯ ಹಾಗೆ ಬರಹ. ಮೇಲೆ ಕುಂಡ ಬೆಸೆದಿದ್ದರು. ಅಜ್ಜ ಏಡನ್ ಕಡೆಯ ಹಡಗಿನಲ್ಲಿ ಕೆಲಸದಲ್ಲಿದ್ದವರು. ಸರ ಹಳೇದಾಯಿತು ಅಂತ ಒಂದು ಅಂಗಡಿಗೆ ಕೊಟ್ಟೆವು, 'ಆ ಕಾಸು ಮಾತ್ರ ವಾಪಸ್ ಬೇಕು' ಅಂತ ಎರಡು ಸಲ ಹೇಳಿದ್ದೆ. ಸಂಜೆ ಹೋದಾಗ ಎಲ್ಲ ಮೂಸೆಗೆ ಹೋಗಿತ್ತು. ತೂಕದ ದುಡ್ಡು ಪೈಸೆ ಬಿಡದೆ ಕೊಟ್ಟರು. ಒಂದು ಫೋಟೋ ಕೂಡ ತೆಗೆದಿಟ್ಟಿರಲಿಲ್ಲ ನಾವು.

ಟಂಕಸಾಲೆ | ಭಾನುವಾರ ಮಧ್ಯಾಹ್ನ 3.41
ಅಯ್ಯೋ ಅಕ್ಕಾ. ಒಂದರೊಳಗೊಂದು ಬಳೆಯ ಹಾಗೆ ಬರಹ ಇದ್ದದ್ದು ಫಾತಿಮಿಗಳ ಮಾದರಿ. ನೋಡದೆ ಏನೂ ಹೇಳಲಾಗದು, ಅದೇ ಮಾದರಿಯ ನಕಲುಗಳೂ ತುಂಬ ಇವೆ. ಆದರೂ ಮನಸ್ಸಿಗೆ ಬೇಜಾರಾಯಿತು. ಮನೆಯಲ್ಲಿ ಕಾಸಿನ ಸರ ಇರುವವರೆಲ್ಲ ಇವತ್ತೇ ಎರಡೂ ಮುಖದ ಫೋಟೋ ತೆಗೆದು, ತೂಕ ಬರೆದಿಡಿ.

ನಕಲು ಅಂದೆನಲ್ಲ. ಜೆರುಸಲೇಮ್ ಗೆದ್ದ ಕ್ರೈಸ್ತ ದಂಡಯಾತ್ರಿಗಳು ಫಾತಿಮಿ ಖಲೀಫ ಅಲ್-ಆಮಿರ್‌ನ ದಿನಾರನ್ನು ದಶಕಗಟ್ಟಲೆ ನಕಲು ಮಾಡಿದರು. ಶಿಲುಬೆ ಹೊತ್ತು ಯುದ್ಧಕ್ಕೆ ಬಂದವರ ಟಂಕಸಾಲೆಯಲ್ಲಿ ಕಲಿಮಾ! 1250ರಲ್ಲಿ ಪೋಪನ ಪ್ರತಿನಿಧಿಯೊಬ್ಬ ಅದನ್ನು ನೋಡಿ ದಿಗಿಲಾಗಿ ರೋಮ್‌ಗೆ ದೂರು ಬರೆದ, ನಿಲ್ಲಿಸಿ ಅಂತ ಅಪ್ಪಣೆ ಆಯಿತು. ಆಮೇಲೆ ಆಕರ್ ಪಟ್ಟಣದಲ್ಲಿ ಏನು ಮಾಡಿದರು ಗೊತ್ತಾ? ಅರಬ್ಬಿ ಬಿಡಲಿಲ್ಲ. ನಡುವೆ ಪುಟ್ಟ ಶಿಲುಬೆ ಇಟ್ಟು, ಸುತ್ತ ಕ್ರೈಸ್ತರ ಮಾತನ್ನು ಅರಬ್ಬಿಯಲ್ಲೇ ಬರೆಸಿದರು. ಇಸವಿಯನ್ನೂ ಕ್ರಿಸ್ತಶಕ 1251 ಅಂತ ಅರಬ್ಬಿ ಪದಗಳಲ್ಲೇ ಹಾಕಿದರು. ಅದಕ್ಕೂ ಮೊದಲೇ ಸ್ಪೇನಿನ ಟೊಲೆಡೊದಲ್ಲಿ ಎಂಟನೇ ಅಲ್ಫಾನ್ಸೋ ತನ್ನ ಚಿನ್ನದ ನಾಣ್ಯದ ಮೇಲೆ ಅರಬ್ಬಿಯಲ್ಲಿ ತನ್ನನ್ನು 'ಕ್ಯಾಥಲಿಕರ ಅಮೀರ' ಅಂತ ಕರೆಸಿಕೊಂಡ. ಪೋಪ್ 'ಚರ್ಚಿನ ಇಮಾಮ'.

ಹಾದಿಹೋಕ | ಭಾನುವಾರ ಸಂಜೆ 6.05
ಇಷ್ಟೊಂದು ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ಪೋಪ್ ಇಮಾಮ ಆದದ್ದು ಅವಳಿಗೆ ಬಹಳ ಹಿಡಿಸಿತು. ಈಗ ಅವಳಿಗೆ ಇಸವಿ ತಾನೇ ಓದಬೇಕಂತೆ. ಅಂಕಿ ಎಲ್ಲೂ ಕಾಣುತ್ತಿಲ್ಲ, ಎಲ್ಲಿ ನೋಡಬೇಕು?

ಬೀದರ್‌ಕೋಟೆ | ಭಾನುವಾರ ಸಂಜೆ 6.50
ಅಂಕಿ ಇರಲ್ಲ, ಪದದಲ್ಲಿ ಬರೆದಿರುತ್ತಾರೆ. ಅಂಚಿನ ಬರಹದಲ್ಲಿ 'ಸನತ್' ಅನ್ನುವ ಪದ ಹುಡುಕಿ, ವರ್ಷ ಅಂತ ಅರ್ಥ. ಅದರ ಮುಂದೆ ಬಿಡಿ ಮೊದಲು, ಹತ್ತು ಆಮೇಲೆ. ಎಪ್ಪತ್ತೇಳನ್ನು 'ಏಳು ಮತ್ತು ಎಪ್ಪತ್ತು' ಅಂತ ಬರೆಯುತ್ತಾರೆ.

ತೊಂದರೆ ಇರುವುದು ಏಳು ಮತ್ತು ಒಂಬತ್ತರಲ್ಲಿ. 'ಸಬ್ಅ' ಏಳು, 'ತಿಸ್ಅ' ಒಂಬತ್ತು. ಆಗಿನ ಕೂಫಿ ಬರಹದಲ್ಲಿ ಚುಕ್ಕಿ ಹಾಕುತ್ತಿರಲಿಲ್ಲ, ಹಾಗಾಗಿ ಎರಡೂ ನಾಲ್ಕು ಹಲ್ಲಿನ ಬಾಚಣಿಗೆ ಥರ ಕಾಣುತ್ತವೆ. ಒಳ್ಳೇ ಕೆತ್ತನೆಗಾರ ಒಂದು ಹಲ್ಲನ್ನು ಎತ್ತರ ಮಾಡಿರುತ್ತಾನೆ. ಅರಬ್ಬಿ ಬಲದಿಂದ ಎಡಕ್ಕೆ. ಮೊದಲ ಹಲ್ಲು ಎತ್ತರ ಇದ್ದರೆ ಒಂಬತ್ತು, ಕೊನೆಯದು ಎತ್ತರ ಇದ್ದರೆ ಏಳು. ಎಪ್ಪತ್ತು ತೊಂಬತ್ತಕ್ಕೂ ಇದೇ ಲೆಕ್ಕ, ಹಿಂದೆ ಸ್ವಲ್ಪ ಬಾಲ ಬರುತ್ತದೆ ಅಷ್ಟೇ. ಮಗುವಿಗೆ ಭೂತಗನ್ನಡಿ ಕೊಡಿ.

ಬಂಟ್ವಾಳದಕ್ಕ | ಭಾನುವಾರ ಸಂಜೆ 7.02
ನನಗೂ ಈಗ ಗೊತ್ತಾಯಿತು. ಕಾಸಿಲ್ಲ, ಓದುವುದು ಬಂತು.

ಹಾದಿಹೋಕ | ಭಾನುವಾರ ರಾತ್ರಿ 8.36
ಟಂಕಸಾಲೆಯವರು ಕಳಿಸಿದ ಚಿತ್ರಗಳಲ್ಲಿ ಮೂರನೆಯದನ್ನು ಹಿಡಿದುಕೊಂಡು ಒಂದು ಗಂಟೆ ಕೂತಿದ್ದಾಳೆ. ಮೊದಲ ಪದದಲ್ಲಿ ಕೊನೆ ಹಲ್ಲು ಎತ್ತರ, ಎರಡನೇ ಪದದಲ್ಲಿ ಮೊದಲ ಹಲ್ಲು ಎತ್ತರ. ಏಳು ಮತ್ತು ತೊಂಬತ್ತು, ಹಿಜರಿ 97 ಅಂತಾಳೆ. ಸರೀನಾ? ಖಲೀಫನ ಹೆಸರು ಎಲ್ಲಿದೆ ಅಂತ ಬೇರೆ ಹುಡುಕುತ್ತಿದ್ದಾಳೆ.

ಬೀದರ್‌ಕೋಟೆ | ಭಾನುವಾರ ರಾತ್ರಿ 8.41
97 ಸರಿ. 715-16. ಆಗ ಖಲೀಫ ಸುಲೈಮಾನ್, ಅಬ್ದ್ ಅಲ್-ಮಲಿಕ್‌ನ ಮಗ. ಹೆಸರು ಹುಡುಕೋದು ಬೇಡ ಅನ್ನಿ, ಆ ಕಾಲದ ಚಿನ್ನದಲ್ಲಿ ಹಾಕುತ್ತಿರಲಿಲ್ಲ. ಮುಂದಿನ ಚಿತ್ರ ಕೊಡಿ ಅವಳಿಗೆ.